ಮದನಿಕೆ ಎಲ್ಲರ ಸ್ವತ್ತು. ಮದನಿಕೆಯ ಹಾಡು ಯಾರದು?

ಬೇಲೂರು: ಇಲ್ಲಿನ ಚೆನ್ನಕೇಶವ ದೇಗುಲದ ಮದನಿಕೆಯ ಚಿತ್ರವನ್ನು ಮೊಬೈಲಿನಲ್ಲಿ ಸೆರೆಹಿಡಿದು ಅಂತರಜಾಲದಲ್ಲಿ ಪ್ರಕಟಿಸುವ ಪ್ರವಾಸಿಗನಿಗೆ ಹಕ್ಕುಸ್ವಾಮ್ಯದ ಭಯವಿಲ್ಲ. 1117ರಲ್ಲಿ ಪ್ರತಿಷ್ಠೆಗೊಂಡ ದೇಗುಲದ ಶಿಲ್ಪಗಳ ಮೇಲೆ ಇಂದು ಯಾರೂ ಕೃತಿಸ್ವಾಮ್ಯ ಸಾಧಿಸಲಾರರು. ಆದರೆ ಅವೇ ಚಿತ್ರಗಳನ್ನು ಸಾಲಾಗಿ ಜೋಡಿಸಿ, ಈ ಮದನಿಕೆಯರನ್ನೇ ಕುರಿತು ಡಿ.ವಿ. ಗುಂಡಪ್ಪನವರು ಬರೆದ 'ಅಂತಃಪುರಗೀತೆ'ಯ ಹಾಡೊಂದನ್ನು ಯಾವುದೋ ಧ್ವನಿಮುದ್ರಿಕೆಯಿಂದ ತೆಗೆದು ಹಿನ್ನೆಲೆಗೆ ಸೇರಿಸಿದರೆ ಮಾತು ಬೇರೆಯಾಗುತ್ತದೆ. ಶಿಲೆ ಎಲ್ಲರದು, ಶಿಲೆಯ ಮೇಲಿನ ಹಾಡು ಇನ್ನೂ ಎಲ್ಲರದಾಗಿಲ್ಲ.

ಡಿವಿಜಿ ನಿಧನರಾದದ್ದು 1975ರ ಅಕ್ಟೋಬರಿನಲ್ಲಿ. ಭಾರತದ ಕಾನೂನಿನಂತೆ ಲೇಖಕನ ಮರಣದ ಮುಂದಿನ ವರ್ಷದಿಂದ 60 ವರ್ಷಗಳವರೆಗೆ ಕೃತಿಸ್ವಾಮ್ಯ ಉಳಿಯುತ್ತದೆ. ಅಂದರೆ 'ಅಂತಃಪುರಗೀತೆ'ಯ ಸಾಹಿತ್ಯ ಮುಕ್ತವಾಗುವುದು 2035ರ ಡಿಸೆಂಬರ್ 31 ಕಳೆದ ಮೇಲೆ. ಅಲ್ಲಿಯವರೆಗೆ ಅದನ್ನು ಸಾರ್ವಜನಿಕವಾಗಿ ಪ್ರಸಾರ ಮಾಡಲು ಹಕ್ಕುದಾರರ ಒಪ್ಪಿಗೆ ಬೇಕು. ಹಾಡಿನ ರಾಗಸಂಯೋಜನೆ, ಗಾಯನ, ಧ್ವನಿಮುದ್ರಣಗಳ ಲೆಕ್ಕ ಇದರಿಂದ ಪ್ರತ್ಯೇಕ.

ಮೆಚ್ಚಿದ ಹಾಡನ್ನು ಹತ್ತು ಜನರೊಡನೆ ಹಂಚಿಕೊಳ್ಳುವುದು ಇಂದು ದಿನನಿತ್ಯದ ಸಂಗತಿ. ಹಾಗೆ ಹಂಚುವವರಲ್ಲಿ ಹೆಚ್ಚಿನವರಿಗೆ ಕದಿಯುವ ಉದ್ದೇಶ ಇರುವುದಿಲ್ಲ. ಕಾನೂನಿನ ಅರಿವು ಇರುವುದಿಲ್ಲ, ಅಷ್ಟೆ. 'ಹಣ ಮಾಡುತ್ತಿಲ್ಲವಲ್ಲ', 'ಗಾಯಕರ ಹೆಸರು ಹಾಕಿದ್ದೇನಲ್ಲ', 'ಮೂವತ್ತೇ ಸೆಕೆಂಡು ತಾನೆ' ಎಂಬ ಮೂರು ಸಮಾಧಾನಗಳು ಎಲ್ಲೆಡೆ ಕೇಳಿಬರುತ್ತವೆ. ಈ ಮೂರರಲ್ಲಿ ಒಂದಕ್ಕೂ 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಪೂರ್ಣ ರಕ್ಷಣೆ ಇಲ್ಲ. ಹಾಗೆಂದು ಕಾಯ್ದೆ ಶ್ರೋತೃವಿನ ಕೈಕಟ್ಟಿ ಕೂರಿಸಿದೆ ಎಂದೂ ಅಲ್ಲ. ಅದು ಬಿಟ್ಟುಕೊಟ್ಟಿರುವ ಅವಕಾಶಗಳು ಹಲವು. ಅವು ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತವೆ ಎಂಬುದನ್ನು ತಿಳಿದಿರಬೇಕು.

ಒಂದು ಹಾಡು, ನಾಲ್ಕು ಹಕ್ಕು

ಕೇಳುಗನಿಗೆ ಹಾಡು ಒಂದೇ. ಕಾನೂನಿಗೆ ಅದು ನಾಲ್ಕು. ಮೊದಲನೆಯದು ಸಾಹಿತ್ಯ; ಅದು ಕವಿಯದು. ಎರಡನೆಯದು ರಾಗಸಂಯೋಜನೆ; ಅದು ಸಂಗೀತ ಸಂಯೋಜಕನದು. ಮೂರನೆಯದು ಗಾಯನ, ವಾದನ. ಅದಕ್ಕೆ ಪ್ರದರ್ಶಕರ ಹಕ್ಕು ಎಂದು ಹೆಸರು. ನಾಲ್ಕನೆಯದು ಧ್ವನಿಮುದ್ರಣ, ಅದು ಸಾಮಾನ್ಯವಾಗಿ ಕ್ಯಾಸೆಟ್ ಅಥವಾ ಸಂಗೀತ ಕಂಪನಿಯದು.

ನಾಲ್ಕರ ಆಯುಸ್ಸೂ ಒಂದೇ ಅಲ್ಲ. ಸಾಹಿತ್ಯ ಮತ್ತು ಸಂಯೋಜನೆಗೆ ಕರ್ತೃವಿನ ಜೀವಿತಾವಧಿಯ ಜತೆಗೆ 60 ವರ್ಷ. ಧ್ವನಿಮುದ್ರಣಕ್ಕೆ ಅದು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ. ಪ್ರದರ್ಶಕರ ಹಕ್ಕಿಗೆ ಪ್ರದರ್ಶನ ನಡೆದ ಮುಂದಿನ ವರ್ಷದಿಂದ 50 ವರ್ಷ. ಇವುಗಳಲ್ಲಿ ಯಾವುದಕ್ಕೂ ನೋಂದಣಿ ಕಡ್ಡಾಯವಲ್ಲ. ಕೃತಿ ರಚನೆಯಾದ ಕ್ಷಣದಿಂದಲೇ ಹಕ್ಕು ಹುಟ್ಟುತ್ತದೆ.

ಇದರ ಪರಿಣಾಮವನ್ನು ಕನ್ನಡದ ಉದಾಹರಣೆಗಳಲ್ಲೇ ನೋಡಬಹುದು. ಪುರಂದರದಾಸರ ಪದಗಳಿಗೆ ಇಂದು ಯಾರ ಹಕ್ಕೂ ಇಲ್ಲ. ಆದರೆ ಅವೇ ಪದಗಳನ್ನು ಭೀಮಸೇನ ಜೋಶಿಯವರು ಹಾಡಿರುವ ಧ್ವನಿಮುದ್ರಿಕೆಗೆ ಕಂಪನಿಯ ಹಕ್ಕಿದೆ. ಹೊಸದಾಗಿ ರಾಗ ಕೂಡಿಸಿದವರಿದ್ದರೆ ಆ ಸಂಯೋಜನೆಗೂ ಹಕ್ಕಿದೆ. 1946ರಲ್ಲಿ ನಿಧನರಾದ ಬಿ.ಎಂ. ಶ್ರೀಕಂಠಯ್ಯನವರ ಗೀತೆಗಳ ಅವಧಿ 2006ರ ಅಂತ್ಯಕ್ಕೆ ಮುಗಿದಿದೆ. 1961ರಲ್ಲಿ ನಿಧನರಾದ ವಾಗ್ಗೇಯಕಾರ ಮೈಸೂರು ವಾಸುದೇವಾಚಾರ್ಯರ ಕೃತಿಗಳು 2022ರ ಆರಂಭದಿಂದ ಮುಕ್ತ. ಬೇಂದ್ರೆಯವರ ಕವನಗಳು 2041ರ ಕೊನೆಯವರೆಗೆ, ಕುವೆಂಪು ಅವರವು 2054ರ ಕೊನೆಯವರೆಗೆ ರಕ್ಷಣೆಯಲ್ಲಿವೆ. ಭಾವಗೀತೆಗಳು ಎಲ್ಲರ ಬಾಯಲ್ಲಿ ಇರುವುದರಿಂದಲೇ ಎಲ್ಲರ ಸ್ವತ್ತಾಗುವುದಿಲ್ಲ.

ಬೇಲೂರಿಗೇ ನಂಟಿರುವ ಇನ್ನೊಂದು ನಿದರ್ಶನ 'ಅಮರಶಿಲ್ಪಿ ಜಕಣಾಚಾರಿ'. ಈ ದೇಗುಲದ ಶಿಲ್ಪಿಯೆಂದು ಜನ ನಂಬಿರುವ ಜಕಣಾಚಾರಿಯ ಕಥೆಯುಳ್ಳ, ಬಿ.ಎಸ್. ರಂಗಾ ನಿರ್ದೇಶನದ ಈ ಚಿತ್ರ 1964ರಲ್ಲಿ ತೆರೆಕಂಡಿತು. ಕನ್ನಡದ ಮೊದಲ ಪೂರ್ಣ ವರ್ಣಚಿತ್ರ ಎಂಬ ಹೆಸರು ಇದಕ್ಕಿದೆ. ಚಲನಚಿತ್ರಕ್ಕೂ ಧ್ವನಿಮುದ್ರಣಕ್ಕೂ ಪ್ರಕಟಣೆಯಿಂದ 60 ವರ್ಷಗಳ ಲೆಕ್ಕವಾದ್ದರಿಂದ, 1964ರ ಚಿತ್ರದ ಅವಧಿ ಭಾರತದಲ್ಲಿ 2024ರ ಡಿಸೆಂಬರ್ 31ಕ್ಕೆ ಮುಗಿಯಿತು. ಇನ್ನೇನು, ಹಾಡುಗಳು ಮುಕ್ತ ಎನ್ನುವಷ್ಟರಲ್ಲಿ ಇನ್ನೊಂದು ಲೆಕ್ಕ ಎದುರಾಗುತ್ತದೆ. ಚಿತ್ರದ ಸಂಗೀತ ನಿರ್ದೇಶಕ ಎಸ್. ರಾಜೇಶ್ವರರಾವ್ ನಿಧನರಾದದ್ದು 1999ರಲ್ಲಿ. ಅವರ ಸಂಯೋಜನೆಯ ಹಕ್ಕು 2059ರ ಕೊನೆಯವರೆಗೆ ಜೀವಂತ. ಆ ಹಕ್ಕು ಇಂದು ಅವರ ವಾರಸುದಾರರಲ್ಲಿದೆಯೋ ನಿರ್ಮಾಪಕರಲ್ಲಿದೆಯೋ ಎಂಬುದು ಅಂದಿನ ಕರಾರಿಗೆ ಸೇರಿದ ವಿಷಯ. ಆದರೆ ಅವಧಿಯನ್ನು ಎಣಿಸುವುದು ಕರ್ತೃವಿನ ಮರಣದಿಂದಲೇ. ಮುದ್ರಣ ಮುಕ್ತವಾದರೂ ಅದರೊಳಗಿನ ಸಂಗೀತ ಮುಕ್ತವಾಗಿಲ್ಲ.

ಯಕ್ಷಗಾನದ ಪಾಠ

ಪರಂಪರೆ ಎಲ್ಲರದು, ಅದಕ್ಕೆ ಒಬ್ಬನು ಕೂಡಿಸಿದ್ದು ಅವನದು ಎಂಬ ಈ ತತ್ತ್ವವನ್ನು ಸುಪ್ರೀಂ ಕೋರ್ಟು ಕರ್ನಾಟಕದ ಪ್ರಕರಣವೊಂದರಲ್ಲೇ ಪರಿಶೀಲಿಸಿದೆ. ಯಕ್ಷಗಾನ ಯಾವ ಒಬ್ಬರ ಆಸ್ತಿಯೂ ಅಲ್ಲ. ಆದರೆ ಡಾ. ಶಿವರಾಮ ಕಾರಂತರು ಅದರ ಸಂಗೀತ, ವೇಷಭೂಷಣ, ನೃತ್ಯಗಳನ್ನು ಪರಿಷ್ಕರಿಸಿ 'ಯಕ್ಷಗಾನ ಬ್ಯಾಲೆ' ಎಂಬ ರೂಪ ಕೊಟ್ಟರು. 1997ರಲ್ಲಿ ಕಾರಂತರು ನಿಧನರಾದ ಬಳಿಕ ಅವರ ಉಯಿಲಿನಂತೆ ಕೃತಿಸ್ವಾಮ್ಯ ಪಡೆದವರು, ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ವಿರುದ್ಧ ನ್ಯಾಯಾಲಯದ ಮೆಟ್ಟಿಲೇರಿದರು. ಅನುಮತಿಯಿಲ್ಲದೆ 2001ರ ಸೆಪ್ಟೆಂಬರಿನಲ್ಲಿ ದೆಹಲಿಯಲ್ಲಿ 'ಅಭಿಮನ್ಯು ವಧೆ' ಪ್ರದರ್ಶಿಸಲಾಯಿತು ಎಂಬುದು ದೂರು.

2009ರ ಜನವರಿಯಲ್ಲಿ ಸುಪ್ರೀಂ ಕೋರ್ಟು ನೀಡಿದ ತೀರ್ಪು ಎರಡೂ ಕಡೆಯವರಿಗೆ ಪಾಠ. ಕಾರಂತರ ಪ್ರಯೋಗಗಳಿಗೆ ನಾಟಕಕೃತಿಯೆಂಬ ರಕ್ಷಣೆ ಇದೆ ಎಂದು ನ್ಯಾಯಾಲಯ ಒಪ್ಪಿತು. ಅನುಮತಿಯಿಲ್ಲದ ಪ್ರದರ್ಶನಕ್ಕೆ ಕೆಳಗಿನ ನ್ಯಾಯಾಲಯಗಳು ವಿಧಿಸಿದ್ದ ತಡೆ ಉಳಿಯಿತು. ಅದೇ ವೇಳೆ, ಶಿಕ್ಷಣ ಸಂಸ್ಥೆಯೊಂದು ಕಾಯ್ದೆಯ 52ನೇ ಸೆಕ್ಷನ್ ಹೇಳುವ ಮಿತಿಯೊಳಗೆ ಪ್ರದರ್ಶಿಸಿದರೆ, ಅಥವಾ ಹವ್ಯಾಸಿ ಸಂಘವಾಗಿ ಹಣ ಕೊಡದ ಪ್ರೇಕ್ಷಕರ ಮುಂದೆ ಆಡಿದರೆ, ಆ ತಡೆ ಅನ್ವಯಿಸದು ಎಂದೂ ಸ್ಪಷ್ಟಪಡಿಸಿತು. ಹಕ್ಕು ಉಂಟು, ಹಕ್ಕಿಗೆ ಎಲ್ಲೆಯೂ ಉಂಟು.

ಕಾನೂನು ಬಿಟ್ಟುಕೊಟ್ಟ ಜಾಗ

ಆ ಎಲ್ಲೆಯನ್ನು ಗುರುತಿಸುವುದೇ 52ನೇ ಸೆಕ್ಷನ್. ಅಮೆರಿಕದ ಕಾನೂನಿನಲ್ಲಿರುವ 'ಫೇರ್ ಯೂಸ್' ಎಂಬ ಮಾತು ಅಂತರಜಾಲದಲ್ಲಿ ಹೆಚ್ಚು ಪ್ರಚಲಿತ. ಅಲ್ಲಿ ನಾಲ್ಕು ಅಂಶಗಳನ್ನು ತೂಗಿ ಯಾವ ಬಳಕೆಯನ್ನಾದರೂ ನ್ಯಾಯೋಚಿತ ಎನ್ನಲು ನ್ಯಾಯಾಲಯಕ್ಕೆ ಅವಕಾಶವಿದೆ. ಭಾರತದ್ದು 'ಫೇರ್ ಡೀಲಿಂಗ್'. ನ್ಯಾಯೋಚಿತ ವ್ಯವಹಾರ ಎನ್ನಬಹುದು. ಇಲ್ಲಿ ಉದ್ದೇಶಗಳನ್ನು ಕಾಯ್ದೆಯೇ ಹೆಸರಿಸಿದೆ: ಸಂಶೋಧನೆಯೂ ಸೇರಿದ ಖಾಸಗಿ ಬಳಕೆ, ವಿಮರ್ಶೆ, ಪ್ರಚಲಿತ ವಿದ್ಯಮಾನಗಳ ವರದಿ. 2012ರ ತಿದ್ದುಪಡಿಯ ನಂತರ ಈ ವಿನಾಯಿತಿ ಧ್ವನಿಮುದ್ರಣಗಳಿಗೂ ಅನ್ವಯವಾಗುತ್ತದೆ.

ಆದ್ದರಿಂದ ಹಣ ಕೊಟ್ಟು ಕೊಂಡ ಕ್ಯಾಸೆಟ್ಟಿನ ಹಾಡನ್ನು ಮನೆಮಂದಿ ಕೇಳಲೆಂದು ಮೊಬೈಲಿಗೆ ಇಳಿಸಿಕೊಳ್ಳುವುದು ಖಾಸಗಿ ಬಳಕೆ. ಹೊಸ ಧ್ವನಿಸುರುಳಿಯೊಂದನ್ನು ವಿಮರ್ಶಿಸುತ್ತ, ಮಾತಿಗೆ ಆಧಾರವಾಗಿ ಒಂದು ಚರಣದ ತುಣುಕನ್ನು ಕರ್ತೃಗಳ ಹೆಸರು ಸಹಿತ ಕೇಳಿಸುವುದು ವಿಮರ್ಶೆ. ಆದರೆ ಎರಡು ಸಾಲು ಹೊಗಳಿಕೆ ಬರೆದು ಕೆಳಗೆ ಇಡೀ ಹಾಡನ್ನು ಅಂಟಿಸಿದರೆ ಅದು ವಿಮರ್ಶೆಯ ಸೋಗು ಮಾತ್ರ. ಬಳಸಿದ್ದು ಎಷ್ಟು, ಏತಕ್ಕೆ, ಮೂಲಕ್ಕೆ ಬದಲಾಗಿ ಜನ ಇದನ್ನೇ ಕೇಳಿ ಸುಮ್ಮನಾಗುವರೇ ಎಂಬುದನ್ನು ನ್ಯಾಯಾಲಯಗಳು ನೋಡುತ್ತವೆ. ಇಷ್ಟು ಸೆಕೆಂಡಿನವರೆಗೆ ತಪ್ಪಿಲ್ಲ ಎಂಬ ನಿಯಮ ಕಾಯ್ದೆಯಲ್ಲಿ ಎಲ್ಲಿಯೂ ಇಲ್ಲ. ಜಾಹೀರಾತೊಂದರಲ್ಲಿ ಚಿತ್ರಗೀತೆಯ ಕೆಲವೇ ಪದಗಳು ಬಳಕೆಯಾದ ಪ್ರಕರಣದಲ್ಲಿ ದೆಹಲಿ ಹೈಕೋರ್ಟು 2012ರಲ್ಲಿ, ತೀರಾ ಕ್ಷುಲ್ಲಕವಾದ ಬಳಕೆಯನ್ನು ಕಾನೂನು ಲೆಕ್ಕಕ್ಕೆ ತೆಗೆದುಕೊಳ್ಳದು ಎಂಬ ತತ್ತ್ವವನ್ನು ಅನ್ವಯಿಸಿತು. ಅದು ಆಯಾ ಸಂಗತಿಯನ್ನು ತೂಗಿ ಹೇಳಿದ ಮಾತೇ ಹೊರತು ಅಳತೆಗೋಲಲ್ಲ.

ಇನ್ನು ಊರಿನ ಬದುಕಿಗೆ ಹತ್ತಿರವಾದ ವಿನಾಯಿತಿಗಳು. ಅರಸೀಕೆರೆಯ ಕಲ್ಯಾಣ ಮಂಟಪದಲ್ಲಿ ಮದುವೆ ನಡೆಯುವಾಗ ವಾದ್ಯದವರು ಚಿತ್ರಗೀತೆ ನುಡಿಸಿದರೆ ಅಥವಾ ಧ್ವನಿವರ್ಧಕದಲ್ಲಿ ಹಾಡು ಹಾಕಿದರೆ ರಾಯಧನ ಕೊಡಬೇಕಿಲ್ಲ. ನೈಜ ಧಾರ್ಮಿಕ ಸಮಾರಂಭ, ಸರ್ಕಾರಿ ಸಮಾರಂಭಗಳಿಗೆ ಕಾಯ್ದೆ ವಿನಾಯಿತಿ ನೀಡಿದೆ. ಮದುವೆಯ ಮೆರವಣಿಗೆ ಹಾಗೂ ಮದುವೆಗೆ ಸಂಬಂಧಿಸಿದ ಸಾಮಾಜಿಕ ಸಂಭ್ರಮಗಳೂ ಅದರಲ್ಲಿ ಸೇರುತ್ತವೆ. ಹೀಗಿದ್ದೂ ಮದುವೆಗಳಿಗೆ ಶುಲ್ಕ ಕೇಳಲಾಗುತ್ತಿದೆ ಎಂಬ ದೂರುಗಳು ಬಂದಾಗ ಕೇಂದ್ರದ ಕೈಗಾರಿಕೆ ಮತ್ತು ಆಂತರಿಕ ವ್ಯಾಪಾರ ಉತ್ತೇಜನ ಇಲಾಖೆ 2023ರ ಜುಲೈ 24ರಂದು ಸಾರ್ವಜನಿಕ ಪ್ರಕಟಣೆ ಹೊರಡಿಸಿ ಇದನ್ನೇ ಮತ್ತೊಮ್ಮೆ ತಿಳಿಸಿತು. ಶಾಲೆಯ ವಾರ್ಷಿಕೋತ್ಸವದಲ್ಲಿ ಮಕ್ಕಳು, ಶಿಕ್ಷಕರು ಹಾಡಿದರೆ, ನೋಡುಗರು ಶಾಲೆಯವರು ಮತ್ತು ಪೋಷಕರಷ್ಟೇ ಆಗಿದ್ದರೆ ಅದಕ್ಕೂ ಅಡ್ಡಿಯಿಲ್ಲ.

ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಮಂಟಪದೊಳಗಿನ ಹಾಡಿಗೆ ದೊರೆತ ವಿನಾಯಿತಿ ಆ ಸಮಾರಂಭದ ವೇಳೆಗೆ ಸೀಮಿತ. ಅದೇ ಮದುವೆಯ ವಿಡಿಯೊಗೆ ಚಿತ್ರಗೀತೆ ಕೂಡಿಸಿ ಮರುದಿನ ಅಂತರಜಾಲಕ್ಕೆ ಏರಿಸಿದರೆ ಅದು ಹೊಸ ಪ್ರಸಾರ. ಶಾಲೆಯ ಅಂಗಳದ ನೃತ್ಯ ಯೂಟ್ಯೂಬ್ ಸೇರಿದಾಗ ಪ್ರೇಕ್ಷಕರು ಪೋಷಕರಷ್ಟೇ ಅಲ್ಲ. ಸಾರ್ವಜನಿಕರಿಗೆ ದೊರಕುವಂತೆ ಇಟ್ಟರೆ ಸಾಕು. ಯಾರೊಬ್ಬರೂ ಕೇಳದಿದ್ದರೂ ಅದು ಸಾರ್ವಜನಿಕ ಪ್ರಸಾರವೇ ಎಂದು ಕಾಯ್ದೆಯ ವ್ಯಾಖ್ಯೆ ಹೇಳುತ್ತದೆ.

ಮರೆತುಹೋಗುವ ಕಲಾವಿದ

ದೇಗುಲದ ಉತ್ಸವದಲ್ಲಿ ನಾಗಸ್ವರ ನುಡಿಸುವವರು, ಊರಿನ ಭಜನೆ ಮಂಡಳಿಯವರು, ತತ್ತ್ವಪದ ಹಾಡುವವರು: ಇವರನ್ನು ಮೊಬೈಲಿನಲ್ಲಿ ಮುದ್ರಿಸಿಕೊಳ್ಳುವಾಗ ಅನುಮತಿ ಕೇಳಬೇಕೆಂದು ಹೆಚ್ಚಿನವರಿಗೆ ಹೊಳೆಯುವುದೇ ಇಲ್ಲ. ನುಡಿಸಿದ ಕೀರ್ತನೆ ಶತಮಾನಗಳಷ್ಟು ಹಳೆಯದಾಗಿರಬಹುದು, ನುಡಿಸಿದ್ದು ಇಂದು. ಆ ವಾದನದ ಮೇಲೆ ವಾದಕನಿಗೆ 50 ವರ್ಷಗಳ ಹಕ್ಕನ್ನು ಕಾಯ್ದೆ ಕೊಟ್ಟಿದೆ. ಕೇವಲ ತನ್ನ ಖಾಸಗಿ ಬಳಕೆಗೆ, ಬೋಧನೆಗೆ, ಸಂಶೋಧನೆಗೆ ಮುದ್ರಿಸಿಕೊಳ್ಳುವುದಕ್ಕೆ ಅಡ್ಡಿಯಿಲ್ಲ. ಸಾರ್ವಜನಿಕವಾಗಿ ಹಂಚಲು, ಅದರಿಂದ ಜಾಹೀರಾತಿನ ಆದಾಯ ಪಡೆಯಲು ಕಲಾವಿದನ ಸಮ್ಮತಿ ಬೇಕು. ಹಕ್ಕುಸ್ವಾಮ್ಯವೆಂದರೆ ಮುಂಬಯಿ, ಬೆಂಗಳೂರಿನ ದೊಡ್ಡ ಕಂಪನಿಗಳ ವ್ಯವಹಾರ ಎಂದುಕೊಂಡವರು ಗಮನಿಸಬೇಕಾದ ಅಂಶವಿದು.

ಕಲಾವಿದರೂ ಎಚ್ಚರ ವಹಿಸಬೇಕು. ಹಕ್ಕಿನ ವರ್ಗಾವಣೆ ಲಿಖಿತವಾಗಿಯೇ ಇರಬೇಕು. ಕರಾರಿನಲ್ಲಿ ಅವಧಿ ಹೇಳದಿದ್ದರೆ ಅದು 5 ವರ್ಷ, ವ್ಯಾಪ್ತಿ ಹೇಳದಿದ್ದರೆ ಅದು ಭಾರತಕ್ಕೆ ಮಾತ್ರ ಎಂದು ಕಾಯ್ದೆ ಹೇಳುತ್ತದೆ. ಚಲನಚಿತ್ರಕ್ಕೆ ಬರೆದ, ರಾಗ ಹಾಕಿದ ಹಾಡು ಚಿತ್ರಮಂದಿರದ ಹೊರಗೆ ಬಳಕೆಯಾದಾಗ ಗೀತರಚನೆಕಾರ, ಸಂಯೋಜಕರಿಗೆ ರಾಯಧನದಲ್ಲಿ ಸಮಪಾಲು ಸಿಗಬೇಕೆಂಬುದು 2012ರ ತಿದ್ದುಪಡಿಯ ಕೊಡುಗೆ. ಈ ಪಾಲನ್ನು ಬಿಟ್ಟುಕೊಡುವಂತೆ ಕರಾರು ಮಾಡಿಕೊಳ್ಳುವಂತಿಲ್ಲ.

ಹಳೆಯ ಹಾಡನ್ನು ಸ್ವಂತ ಕಂಠದಲ್ಲಿ ಹಾಡಿ ಪ್ರಕಟಿಸುವ 'ಕವರ್' ಹಾಡುಗಳೂ ಮುಕ್ತವಲ್ಲ. ಮೂಲ ಮುದ್ರಣ ತಯಾರಾದ ವರ್ಷದ ನಂತರ 5 ವರ್ಷ ಕಳೆದಿರಬೇಕು, ಹಕ್ಕುದಾರರಿಗೆ ಮುಂಚಿತವಾಗಿ ನೋಟಿಸು ಹಾಗೂ ರಾಯಧನ ಸಲ್ಲಬೇಕು ಎಂಬ ಷರತ್ತುಗಳಿವೆ. ಹಾಡಿದ ಗಾಯಕನಿಗೇ ತನ್ನ ಹಾಡು ನಿಲುಕದ ಸಂದರ್ಭವೂ ಬಂದದ್ದುಂಟು. 2017ರ ಮಾರ್ಚಿನಲ್ಲಿ ಅಮೆರಿಕ ಪ್ರವಾಸದಲ್ಲಿದ್ದ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ, ಅನುಮತಿಯಿಲ್ಲದೆ ತಮ್ಮ ಹಾಡುಗಳನ್ನು ಹಾಡಬಾರದೆಂದು ಸಂಗೀತ ನಿರ್ದೇಶಕ ಇಳಯರಾಜ ಅವರಿಂದ ವಕೀಲರ ನೋಟಿಸು ಬಂದಿತ್ತು.

ಠಾಣೆ ಮೆಟ್ಟಿಲೇರಿದ ಹಾಡುಗಳು

ಕನ್ನಡ ನಾಡಿನಲ್ಲಿ ಈ ಜಗಳಗಳು ಹೊಸತಲ್ಲ. 2022ರ ನವೆಂಬರಿನಲ್ಲಿ 'ಕೆಜಿಎಫ್ ಚಾಪ್ಟರ್ 2' ಚಿತ್ರದ ಹಾಡನ್ನು ಭಾರತ್ ಜೋಡೊ ಯಾತ್ರೆಯ ವಿಡಿಯೊಗಳಲ್ಲಿ ಬಳಸಲಾಗಿದೆ ಎಂದು ಬೆಂಗಳೂರಿನ ಎಂಆರ್‌ಟಿ ಮ್ಯೂಸಿಕ್ ದೂರಿತು. ಕಾಂಗ್ರೆಸ್ ಪಕ್ಷದ ಟ್ವಿಟರ್ ಖಾತೆಯನ್ನೇ ತಾತ್ಕಾಲಿಕವಾಗಿ ತಡೆಹಿಡಿಯಲು ಬೆಂಗಳೂರಿನ ವಾಣಿಜ್ಯ ನ್ಯಾಯಾಲಯ ಆದೇಶಿಸಿತು. ಆಕ್ಷೇಪಿತ ವಿಡಿಯೊಗಳನ್ನು ತೆಗೆದುಹಾಕಬೇಕೆಂಬ ಷರತ್ತಿನ ಮೇಲೆ ಹೈಕೋರ್ಟು ಮರುದಿನವೇ ಆ ಆದೇಶವನ್ನು ರದ್ದುಪಡಿಸಿತು. ಆದರೆ ಪೊಲೀಸ್ ಪ್ರಕರಣವನ್ನು ಕೈಬಿಡಲು 2023ರ ಜೂನಿನಲ್ಲಿ ಒಪ್ಪಲಿಲ್ಲ. 2024ರಲ್ಲಿ 'ಬ್ಯಾಚುಲರ್ ಪಾರ್ಟಿ' ಚಿತ್ರದಲ್ಲಿ ಎರಡು ಹಳೆಯ ಚಿತ್ರಗೀತೆಗಳ ಬಳಕೆಯ ಬಗ್ಗೆ ಇದೇ ಸಂಸ್ಥೆ ಯಶವಂತಪುರ ಠಾಣೆಗೆ ದೂರು ಕೊಟ್ಟಿತು.

ಇವು ದೊಡ್ಡವರ ಜಗಳಗಳು. ಆದರೆ ಕಾನೂನು ಸಣ್ಣವರಿಗೂ ಅದೇ. ತಿಳಿದೂ ಉಲ್ಲಂಘಿಸಿದವರಿಗೆ 6 ತಿಂಗಳಿಂದ 3 ವರ್ಷದವರೆಗೆ ಸೆರೆವಾಸ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು 63ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಇದು ವಾರಂಟಿಲ್ಲದೆ ಬಂಧಿಸಬಹುದಾದ, ಜಾಮೀನುರಹಿತ ಅಪರಾಧ ಎಂದು 2022ರ ಮೇ ತಿಂಗಳಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಕರ್ನಾಟಕದಲ್ಲಂತೂ 2014ರ ತಿದ್ದುಪಡಿಯ ಮೂಲಕ, ವ್ಯಾಪಾರದ ಉದ್ದೇಶದಿಂದ ಹಕ್ಕುಸ್ವಾಮ್ಯ ಉಲ್ಲಂಘಿಸುವವರನ್ನು ಗೂಂಡಾ ಕಾಯ್ದೆಯ ವ್ಯಾಪ್ತಿಗೂ ತರಲಾಗಿದೆ. ಲಾಭದ ಉದ್ದೇಶ ಇಲ್ಲದಿದ್ದರೆ ಕಾರಣಗಳನ್ನು ದಾಖಲಿಸಿ ಶಿಕ್ಷೆಯನ್ನು ಕನಿಷ್ಠ ಮಿತಿಗಿಂತ ಇಳಿಸಲು ನ್ಯಾಯಾಲಯಕ್ಕೆ ಅಧಿಕಾರವಿದೆ. 'ಹಣ ಮಾಡಿಲ್ಲ' ಎಂಬ ಮಾತು ಶಿಕ್ಷೆಯನ್ನು ತಗ್ಗಿಸಬಲ್ಲದು, ತಪ್ಪನ್ನು ಅಳಿಸಲಾರದು.

ಸಾಮಾನ್ಯ ಬಳಕೆದಾರರಿಗೆ ಮೊದಲು ಎದುರಾಗುವುದು ಪೊಲೀಸರಲ್ಲ, ತಾಣದ ಸೂಚನೆ. ಹಕ್ಕುದಾರ ಲಿಖಿತ ದೂರು ಕೊಟ್ಟರೆ ತಾಣದವರು 36 ಗಂಟೆಗಳೊಳಗೆ ಆ ಹಾಡು ಜನರಿಗೆ ಸಿಗದಂತೆ ತಡೆಯಬೇಕು ಎಂಬುದು 2013ರ ನಿಯಮ. 21 ದಿನಗಳೊಳಗೆ ದೂರುದಾರರು ನ್ಯಾಯಾಲಯದ ಆದೇಶ ತರದಿದ್ದರೆ ಅದನ್ನು ಮತ್ತೆ ತೋರಿಸಬಹುದು. ಬಹುತೇಕ ದೊಡ್ಡ ತಾಣಗಳು ಅಮೆರಿಕದವಾದ್ದರಿಂದ ಅಲ್ಲಿನ ಕಾನೂನಿನ ಪ್ರಕಾರವೂ ನಡೆದುಕೊಳ್ಳುತ್ತವೆ. ಹಳೆಯ ಕೃತಿಗಳ ಅವಧಿಯ ಲೆಕ್ಕ ಅಲ್ಲಿ ಬೇರೆ. ಭಾರತದಲ್ಲಿ ಮುಕ್ತವಾದ ಮುದ್ರಿಕೆಗೆ ಅಲ್ಲಿ ತಕರಾರು ಬಂದರೆ ಅಚ್ಚರಿಪಡಬೇಕಿಲ್ಲ.

ಹಂಚುವ ಮುನ್ನ

ಹಾಗಾದರೆ ಮಾಡಬೇಕಾದದ್ದೇನು? ಸಾಹಿತ್ಯ ಯಾರದು, ಅವರು ಯಾವಾಗ ತೀರಿಕೊಂಡರು, ರಾಗ ಹಾಕಿದವರಾರು, ಹಾಡಿದವರಾರು, ಮುದ್ರಿಕೆ ಯಾವ ವರ್ಷದ್ದು, ಯಾವ ಕಂಪನಿಯದು. ಈ ನಾಲ್ಕನ್ನು ಹಾಳೆಯ ಮೇಲೆ ಬರೆದುಕೊಂಡರೆ ಅರ್ಧ ಕೆಲಸ ಮುಗಿದಂತೆ. ಕ್ಯಾಸೆಟ್ಟಿನ ಹೊದಿಕೆಯ ಮೇಲೆಯೇ ಇವುಗಳಲ್ಲಿ ಹೆಚ್ಚಿನವು ಸಿಗುತ್ತವೆ. ಕವಿಗಳ ವಾರಸುದಾರರಿಗೆ, ಪ್ರಕಾಶಕರಿಗೆ ಒಂದು ಪತ್ರ ಬರೆಯುವುದು ಕಷ್ಟವಲ್ಲ. ಒಪ್ಪಿಗೆಯನ್ನು ಲಿಖಿತವಾಗಿ ಪಡೆದಿಟ್ಟುಕೊಳ್ಳಬೇಕು. ಗೀತರಚನೆಕಾರರು, ಸಂಯೋಜಕರ ಪರವಾಗಿ ಪರವಾನಗಿ ನೀಡಲು 1969ರಲ್ಲಿ ಸ್ಥಾಪನೆಯಾದ ಐಪಿಆರ್‌ಎಸ್ ಸಂಸ್ಥೆ ಇದೆ. ಹಕ್ಕುದಾರರೇ ಅಧಿಕೃತವಾಗಿ ಪ್ರಕಟಿಸಿರುವ ಹಾಡಾದರೆ ಅದನ್ನು ಇಳಿಸಿ ಮತ್ತೆ ಏರಿಸುವುದಕ್ಕಿಂತ ಅದರ ಕೊಂಡಿಯನ್ನು ಕೊಡುವುದೇ ಕ್ಷೇಮ. ವಾರಸುದಾರರು ಮನಸ್ಸು ಮಾಡಿದರೆ ಬಾಗಿಲು ತೆರೆಯುವುದೂ ಉಂಟು. ಕಾದಂಬರಿಕಾರ ನಿರಂಜನರ ಕೃತಿಗಳನ್ನು ಅವರ ಕುಟುಂಬದವರು 2014ರಲ್ಲಿ ಮುಕ್ತ ಪರವಾನಗಿಯಡಿ ಬಿಟ್ಟುಕೊಟ್ಟದ್ದು ಇದಕ್ಕೆ ಮೇಲ್ಪಂಕ್ತಿ.

ಈ ಲೆಕ್ಕ ಕಟ್ಟಿಹಾಕಲಿಕ್ಕೆ ಮಾತ್ರ ಇರುವುದಲ್ಲ, ಬಿಡಿಸಲಿಕ್ಕೂ ಇದೆ. ಅಟ್ಟದ ಮೇಲಿನ ಟ್ರಂಕಿನಲ್ಲಿ ನಾಟಕ ಕಂಪನಿಗಳ ಕಾಲದ ಗ್ರಾಮಫೋನ್ ತಟ್ಟೆಗಳನ್ನು ಇಟ್ಟುಕೊಂಡು, ಕೇಸು ಬಿದ್ದೀತೆಂಬ ಅಂಜಿಕೆಯಿಂದ ಸುಮ್ಮನಿರುವವರೂ ಇದ್ದಾರು. 1930ರ ದಶಕದ ಮುದ್ರಿಕೆಯ ಹಕ್ಕು ಎಂದೋ ಮುಗಿದಿದೆ. ಅದರಲ್ಲಿನ ಸಾಹಿತ್ಯ, ಸಂಗೀತದ ಕರ್ತೃಗಳು ತೀರಿಹೋಗಿ 60 ವರ್ಷ ಕಳೆದಿದ್ದರೆ ಆ ಹಾಡು ನಿಜಕ್ಕೂ ನಾಡಿನ ಸ್ವತ್ತು. ಅರಗಿನ ತಟ್ಟೆ ಒಡೆಯುವ ಮೊದಲು, ಸವೆಯುವ ಮೊದಲು ಅದನ್ನು ಹಂಚುವುದು ಉಪಕಾರವೇ ಸರಿ.

ಹಳೇಬೀಡಿನ ಹೊಯ್ಸಳೇಶ್ವರನ ಗೋಡೆಯಲ್ಲೂ ಬೇಲೂರಿನಲ್ಲೂ ಶಿಲ್ಪಿಗಳು ಕೆಲವು ಪ್ರತಿಮೆಗಳ ಕೆಳಗೆ ತಮ್ಮ ಹೆಸರನ್ನು ಕೆತ್ತಿದ್ದಾರೆ. ಇದು ನನ್ನ ಕೆಲಸ ಎಂದು ಹೇಳಿಕೊಳ್ಳುವ ಆಸೆ ಒಂಬತ್ತು ಶತಮಾನಗಳ ಹಿಂದೆಯೂ ಇತ್ತು. ಇಂದಿನ ಕಾಯ್ದೆ ಆ ಹೆಸರಿನ ಜತೆಗೆ ಒಂದಿಷ್ಟು ಕಾಲದ ಜೀವನೋಪಾಯವನ್ನೂ ಸೇರಿಸಿದೆ. ಹಾಡನ್ನು ಹಂಚುವ ಮುನ್ನ ಆ ಕಾಲ ಮುಗಿದಿದೆಯೇ ಎಂದು ಒಮ್ಮೆ ನೋಡಿಕೊಳ್ಳುವುದು, ಮುಗಿದಿಲ್ಲವಾದರೆ ಒಂದು ಮಾತು ಕೇಳುವುದು ಕೇಳುಗನಿಗೆ ಭಾರವಾಗಲಾರದು.